ಹಿಡಿ ಅಕ್ಕಿ ಉಣ್ಣುವವರು ಯಾರು

ನಮ್ಮ ಮನೆಯಲ್ಲಿ ಅನ್ನಕ್ಕೆ ಇಡುವ ಮೊದಲು ಒಂದು ಹಿಡಿ ಅಕ್ಕಿ ತೆಗೆದಿಡಬೇಕು. ಇದು ನನ್ನ ಅತ್ತೆ ವಿಜಯಾ ಅವರ ಕಾನೂನು. ಕುಕ್ಕರಿಗೆ ಎಷ್ಟೇ ಅಕ್ಕಿ ಅಳೆಯಿರಿ, ಅದರಿಂದ ಒಂದು ಹಿಡಿ ತೆಗೆದು, ಕಣ್ಣು ಮುಚ್ಚಿ ಒಂದು ಮಾತು ಪ್ರಾರ್ಥನೆ ಮಾಡಿ, ಒಲೆಯ ಪಕ್ಕದ ಸ್ಟೀಲ್ ಡಬ್ಬಿಗೆ ಹಾಕಬೇಕು. ತಿಂಗಳ ಮೊದಲ ಭಾನುವಾರ ಅದನ್ನು ಬಟ್ಟೆಯ ಚೀಲಕ್ಕೆ ಸುರಿದು ಚರ್ಚಿಗೆ ಒಯ್ದು, ಕಾಣಿಕೆಯ ಹೊತ್ತಿನಲ್ಲಿ ಪೀಠದ ಮುಂದೆ ಇಡಬೇಕು. ಮಿಶನ್ ಕೆಲಸಕ್ಕೆ, ಹಸಿದವರಿಗೆ. ನಾನು ವೃದ್ಧಾಶ್ರಮದಲ್ಲಿ ನರ್ಸ್. ಇಡೀ ದಿನ ಮುದುಕರನ್ನು ಎತ್ತಿ ಇಳಿಸಿ ಬೆನ್ನು ಮುರಿದುಕೊಂಡು ಮನೆಗೆ ಬಂದು, ಯೂನಿಫಾರ್ಮ್ ಕೂಡ ಬದಲಿಸದೆ ಅಕ್ಕಿ ತೊಳೆಯಲು ನಿಂತರೆ ಹಿಂದಿನಿಂದ ದನಿ ಬರುತ್ತದೆ:

"ಹಿಡಿ ತಗದೀಯೇನ ಜೊವಾನಿಟಾ?"

ತೆಗೆದಿದ್ದೇನೆ ಮಾರಾಯ್ರೆ, ತೆಗೆದಿದ್ದೇನೆ! ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ತೆಗೆಯುತ್ತಲೇ ಇದ್ದೇನೆ. ನಾನು ಹುಟ್ಟಿದ್ದು ಮಂಗಳೂರಿನ ಕ್ಯಾಥೊಲಿಕ್ ಮನೆಯಲ್ಲಿ. ಮದುವೆಗೆ ಮುಂಚೆ ಅತ್ತೆ ನನ್ನನ್ನು ಎದುರಿಗೆ ಕೂರಿಸಿಕೊಂಡು, "ನಮ್ಮದು ಬೆಟಗೇರಿಯ ಜರ್ಮನ್ ಮಿಶನ್ನಿನ ಮನೆತನ, ಲೂಥರನ ಪಾಠ ಕಲತು ಬೆಳದವರು. ನಿನ್ನ ಮಕ್ಕಳೂ ಹಂಗ ಬೆಳೀಬೇಕು" ಎಂದಿದ್ದರು. ಹೂಂ ಎಂದೆ. ಹೂಂ ಎಂದ ಮೇಲೆ ಹೂಂ. ನನ್ನ ಜಪಸರವನ್ನು ಬೀರುವಿನಲ್ಲಿಟ್ಟು, ಮೆಲ್ಬರ್ನಿಗೆ ಬಂದ ಮೇಲೆ ಲೂಥರನ್ ಚರ್ಚ್ ಎಲ್ಲಿದೆ ಎಂದು ಹುಡುಕಿದವಳೂ ನಾನೇ, ಭಾನುವಾರ ಎಲ್ಲರನ್ನೂ ಎಬ್ಬಿಸಿ ಕಾರಿಗೆ ತುಂಬಿಕೊಂಡು ಹೋದವಳೂ ನಾನೇ. ಆದ್ದರಿಂದ ಈ ಮನೆಯಲ್ಲಿ ಸಿಟ್ಟು ಮಾಡುವ ಹಕ್ಕು ಯಾರಿಗಾದರೂ ಇದ್ದರೆ ಮೊದಲು ನನಗಿದೆ.

ನಾವು ಇರುವುದು ಮೆಲ್ಬರ್ನಿನ ಅಂಚಿನ ಕ್ರೇಗಿಬರ್ನ್‌ನಲ್ಲಿ. ನನ್ನ ಗಂಡ ಜಾಕೊಬ್ ರೈಲ್ವೆ ಸಿಗ್ನಲ್ ಇಂಜಿನಿಯರ್. ಚರ್ಚಿನ ಕಮಿಟಿಯಲ್ಲೂ ಇದ್ದಾನೆ. ಕಮಿಟಿ ಎಂದರೆ ಹಾಲ್‌ನಲ್ಲಿ ಕುರ್ಚಿ ಜೋಡಿಸುವುದು, ಕಸದ ಬಿನ್ ಹೊರಗಿಡುವುದು, ಪಾಸ್ಟರ್ ಹೇಳಿದ್ದಕ್ಕೆ ತಲೆ ಆಡಿಸುವುದು. ಯಾರ ಜೊತೆಗೂ ಜಗಳ ಆಗಬಾರದು, ಅವನ ಧರ್ಮ ಅಷ್ಟೇ. ನಮಗೆ ಒಬ್ಬಳೇ ಮಗಳು ಫ್ರೀಡಾ, ಹದಿನಾಲ್ಕು ವರ್ಷದವಳು. ಅತ್ತೆಯ ಅವ್ವನ ಹೆಸರನ್ನೇ ಇಟ್ಟದ್ದು. ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಆಡಿದ್ದನ್ನು ನಾನಿಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ಅವಳ ಸಿಟ್ಟಿನಲ್ಲಿ ಮಾತ್ರ ಒಂದು ಚೂರೂ ಕಡಿಮೆ ಮಾಡುವುದಿಲ್ಲ.

ಈ ವರ್ಷ ಅಕ್ಟೋಬರಿನ ಕೊನೆಯ ಭಾನುವಾರ ಫ್ರೀಡಾಳ ಕನ್ಫರ್ಮೇಶನ್ ಎಂದು ನಿಶ್ಚಯವಾಗಿತ್ತು. ಮಗುವಾಗಿದ್ದಾಗ ತನ್ನ ಪರವಾಗಿ ಅಪ್ಪ ಅಮ್ಮ ಒಪ್ಪಿಕೊಂಡ ನಂಬಿಕೆಯನ್ನು, ಈಗ ಸಭೆಯ ಮುಂದೆ ನಿಂತು ತನ್ನ ಬಾಯಿಂದ ತಾನೇ ಒಪ್ಪಿಕೊಳ್ಳುವ ದಿನ ಅದು. ಅತ್ತೆಗೆ ಬದುಕಿನಲ್ಲಿ ಉಳಿದಿದ್ದ ಆಸೆ ಇದೊಂದೇ. ಅವರ ಮಗಳು ಯುಜಿನಿಯಾ ಸಿಡ್ನಿಯ ರೌಸ್ ಹಿಲ್‌ನಲ್ಲಿದ್ದಾಳೆ. ಅವಳ ಇಬ್ಬರು ಗಂಡುಮಕ್ಕಳು ಚರ್ಚಿನ ಕಡೆ ತಲೆ ಹಾಕಿಯೂ ಮಲಗುವವರಲ್ಲ. ಉಳಿದವಳು ಫ್ರೀಡಾ.

"ಇಕಿನೂ ಬಿಟ್ಟಳಂದ್ರ ನಮ್ಮ ಮನಿತನದ ನಂಬಿಕಿ ಇಲ್ಲಿಗೆ ಮುಗೀತು" ಎಂದು ಅತ್ತೆ ರೊಟ್ಟಿ ಬಡಿಯುತ್ತ ಹೇಳುತ್ತಿದ್ದರು. ಹೇಳುತ್ತ ನನ್ನ ಕಡೆ ಒಂದು ನೋಟ ಬೇರೆ. ನಾನೇನೋ ಬಿಡಿಸಲಿಕ್ಕೆ ಹೊರಟವಳ ಹಾಗೆ!

ಇಲ್ಲಿನ ಜುಲೈ ತಿಂಗಳ ಚಳಿಗೆ ಅಡುಗೆಮನೆಯೊಂದೇ ಬೆಚ್ಚಗಿನ ಜಾಗ. ಅಜ್ಜಿ ಮೊಮ್ಮಗಳ ಪಾಠ ಅಲ್ಲೇ ನಡೆಯುತ್ತಿತ್ತು. ಚರ್ಚಿನ ಕ್ಲಾಸಿನಲ್ಲಿ ಇಂಗ್ಲಿಷಿನಲ್ಲಿ ಕಲಿತದ್ದನ್ನು ಅತ್ತೆ ಕನ್ನಡದಲ್ಲಿ ಮತ್ತೆ ಕೇಳುವರು. ಪ್ರತಿಯೊಂದಕ್ಕೂ ಕೊನೆಗೆ, ಇದರ ಅರ್ಥ ಏನು?

"ಅನುದಿನದ ಆಹಾರ ಅಂದ್ರ ಏನೇನ?" 

"ಅನ್ನ, ಬಟ್ಟೆ, ಮನೆ, ಒಳ್ಳೆ ನೆರೆಯವರು," ಎಂದು ಫ್ರೀಡಾ ಬೆರಳು ಮಡಚಿದಳು, "ಆಮೇಲೆ ವೈಫೈ."

"ವೈಫೈ ಯಾವ ಪುಟದಾಗ ಐತಿ ತೋರಿಸು, ಒಂದ ಏಟ ಕೊಡ್ತೀನಿ."

ಇಬ್ಬರೂ ನಕ್ಕರು. ಆಮೇಲೆ ಆ ಹುಡುಗಿ ಕೇಳಿದಳು, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ: "ಅಜ್ಜಿ, ಈ ಹಿಡಿ ಅಕ್ಕಿ ಯಾರು ತಿಂತಾರೆ?"

"ಬಡವರು ಉಣ್ತಾರ."

"ಯಾವ ಬಡವರು? ಹೆಸರು ಹೇಳಿ."

"ನಾನ ಉಂಡೀನಿ," ಎಂದರು ಅತ್ತೆ. "ನಮ್ಮಪ್ಪ ತೀರಿಕೊಂಡಾಗ ನಾ ಸಣ್ಣಾಕಿ. ಮಿಶನ್ ಬೋರ್ಡಿಂಗಿನ್ಯಾಗ ಇಟ್ಟರು. ಬೆಟಗೇರಿಯೊಳಗ ದಿನಾ ಅಕ್ಕಿ ಎಲ್ಲಿಂದ ತರಬೇಕು? ನಮ್ಮದು ಹಿಡಿ ಜ್ವಾಳ. ಸಭೆಯವರ ಮನಿ ಮನಿಯಿಂದ ಬರ್ತಿತ್ತು. ಅದನ್ನ ಬೀಸಿ ರೊಟ್ಟಿ ಮಾಡಿ ನಮಗ ಹಾಕ್ತಿದ್ರು. ಆ ರೊಟ್ಟಿ ತಿಂದು ನಾ ಟೀಚರ್ ಆದೆ, ನಿಮ್ಮಪ್ಪಗ ಓದಿಸಿದೆ, ನಿಮ್ಮಪ್ಪ ಓದಿ ಇಲ್ಲಿಗೆ ಬಂದಾ. ಮಿಶನ್ ಅಂದ್ರ ಭಾಷಣ ಅಲ್ಲವ್ವಾ, ರೊಟ್ಟಿ."

ಮರುದಿನದಿಂದ ಫ್ರೀಡಾ ಅಕ್ಕಿ ಅಳೆಯುವ ಕೆಲಸ ತಾನೇ ತೆಗೆದುಕೊಂಡಳು. ಹಿಡಿ ತೆಗೆಯುವಾಗ ಫೋನನ್ನೂ ಪಕ್ಕಕ್ಕಿಡುತ್ತಿದ್ದಳು. ಅದು ಎಷ್ಟು ದೊಡ್ಡ ಭಕ್ತಿ ಎಂದು ಈ ವಯಸ್ಸಿನ ಮಕ್ಕಳಿರುವ ತಾಯಂದಿರಿಗೆ ಗೊತ್ತು. ಕನ್ಫರ್ಮೇಶನ್‌ಗೆ ಪ್ರತಿ ಮಗುವೂ ಒಂದು ಸೇವೆಯ ಬಗ್ಗೆ ಸಭೆಯ ಮುಂದೆ ಮಾತಾಡಬೇಕಿತ್ತು. ನಮ್ಮ ಅಕ್ಕಿ ಯಾರು ತಿನ್ನುತ್ತಾರೆ, ಅದನ್ನೇ ಮಾತಾಡುತ್ತೇನೆ ಎಂದಳು. ಅತ್ತೆಯ ಕಾಲು ಅವತ್ತು ನೆಲಕ್ಕೆ ತಾಗಲಿಲ್ಲ.

ಆಗಸ್ಟಿನಲ್ಲಿ ಅವಳು ಪಾಸ್ಟರ್ ಗ್ರಹಾಂ ಅವರನ್ನು ಕೇಳಿದಳು. ಅವರು ಜಾಕೊಬ್‌ನ ಮುಖ ನೋಡಿ, "ನಿಮ್ಮ ಡ್ಯಾಡ್‌ನ ಕೇಳು" ಎಂದು ಕಾಫಿ ಕಪ್ಪು ಹಿಡಿದು ಬೇರೆ ಕಡೆ ಹೋದರು. ಕಾರಿನಲ್ಲಿ ಡ್ಯಾಡ್‌ನನ್ನು ಕೇಳಿದಳು.

"ಫುಡ್ ಪ್ಯಾಂಟ್ರಿಗೆ ಹೋಗುತ್ತೆ ಪುಟ್ಟಿ, ಅಲ್ಲಿ ಬಡವರಿಗೆ ದಿನಸಿ ಹಂಚ್ತಾರೆ."

"ಯಾವತ್ತು ಕೊಡ್ತಾರೆ? ನಾನೂ ಬರ್ತೀನಿ."

"ನೋಡೋಣ."

ಈ 'ನೋಡೋಣ' ಎನ್ನುವುದನ್ನು ನಾನು ಮದುವೆಯಾದಂದಿನಿಂದ ಕೇಳಿದ್ದೇನೆ. ಅದರ ನಂತರ ಯಾರೂ ಏನೂ ನೋಡುವುದಿಲ್ಲ.

ಸೆಪ್ಟೆಂಬರಿನ ಮೊದಲ ಭಾನುವಾರ ಇಲ್ಲಿ ಫಾದರ್ಸ್ ಡೇ. ಚರ್ಚಿನಲ್ಲಿ ಮಕ್ಕಳು ಅಪ್ಪಂದಿರಿಗೆ ಚಾಕೊಲೇಟ್ ಹಂಚಿದರು. ಅತ್ತೆ ತಮ್ಮ ಚೀಲವನ್ನು ಪೀಠದ ಮುಂದಿಟ್ಟರು. ಪಾಸ್ಟರ್ ಎರಡೂ ಕೈ ಚಾಚಿ ಅದನ್ನು ಆಶೀರ್ವದಿಸಿದರು. ಆರಾಧನೆ ಮುಗಿದು ನಾನು ಹಾಲ್‌ನಲ್ಲಿ ಟೀ ಸುರಿಯುತ್ತಿದ್ದೆ. ಅಪ್ಪ ಚೀಲ ಹಿಡಿದು ಹೊರಗೆ ಹೋದದ್ದನ್ನು ಕಂಡು ಫ್ರೀಡಾ ಪ್ಯಾಂಟ್ರಿ ನೋಡುವ ಆಸೆಯಿಂದ ಹಿಂದೆಯೇ ಹೋದಳು. ವಾಪಸು ಬಂದವಳು ನೇರ ಕಾರಿನಲ್ಲಿ ಹೋಗಿ ಕುಳಿತಳು.

ಮನೆಯಲ್ಲಿ ಕೋಳಿ ಸಾರು, ಅನ್ನ. ಫಾದರ್ಸ್ ಡೇ ಎಂದು ಜಾಕೊಬ್‌ಗೆ ಕಾಲಿನ ತುಂಡು ಬಡಿಸಿದ್ದೆ. ಫ್ರೀಡಾ ತಟ್ಟೆ ಮುಟ್ಟಲಿಲ್ಲ. ಅಜ್ಜಿಗೆ ಅರ್ಥವಾಗದೆ ಹೋಗಬಾರದು ಎಂದು ಆ ಹುಡುಗಿ ಜನ್ಮದಲ್ಲಿ ಮೊದಲ ಸಲ ಇಡೀ ವಾಕ್ಯ ಕನ್ನಡದಲ್ಲಿ ಆಡಿದಳು.

"ಅಜ್ಜಿ, ನಿಮ್ಮ ಅಕ್ಕಿ ಯಾರೂ ತಿನ್ನಲ್ಲ. ಅಪ್ಪ ಅದನ್ನ ಬಿನ್‌ಗೆ ಹಾಕ್ತಾರೆ. ನಾನು ನೋಡಿದೆ."

ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು. "ಹೌದೇನ ಜಾಕೊಬ?"

"ಅವ್ವ, ಊಟ ಮಾಡು, ಆಮ್ಯಾಲೆ..."

"ಹೌದೇನ?"

"ಅಲ್ಲಿ ಸೀಲ್ ಮಾಡಿದ ಪ್ಯಾಕೆಟ್ ಅಷ್ಟ ತಗೋತಾರವ್ವ. ಬಿಡಿ ಅಕ್ಕಿ ನಡ್ಯೂದಿಲ್ಲ, ಹೆಲ್ತ್ ರೂಲ್. ನೀ ಅಕ್ಕಿ ಇಟ್ಟ ಮೊದಲನೇ ತಿಂಗಳ ಪಾಸ್ಟರ್ ಹೇಳಿದ್ರು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನಿನಗ ಬ್ಯಾಸರ ಆಗ್ತದಂತ."

ನನಗೆ ತಡೆಯಲಿಕ್ಕಾಗಲಿಲ್ಲ. "ಅಲ್ಲ ಮಾರಾಯ, ತೆಗೆದುಕೊಳ್ಳುವುದಿಲ್ಲ ಅಂತಾದರೆ ಮನೆಗೆ ತಂದು ಅಕ್ಕಿ ಡ್ರಮ್ಮಿಗೆ ಸುರಿಯಲಿಕ್ಕೆ ನಿನಗೆ ಎಂತ ಧಾಡಿ? ನಾನು ಕಾಲು ಬಿದ್ದುಹೋಗುವಷ್ಟು ದುಡಿದು ಬಂದು ಹಿಡಿ ತೆಗೆಯುವುದು, ನೀನು ಅದನ್ನು ಕೊಂಡುಹೋಗಿ ಕಸಕ್ಕೆ ಹಾಕುವುದಾ?"

ಜಾಕೊಬ್ ನನ್ನನ್ನು ನೋಡಿದ. ಅವನ ಮುಖದಲ್ಲಿ ನಿಜವಾದ ಗಾಬರಿ ಇತ್ತು. "ದೇವರ ಮುಂದೆ ಇಟ್ಟ ಕಾಣಿಕೆ ಜೊವಾನಿ! ಅದನ್ನ ವಾಪಸ್ ತಂದು ನಾವೇ ಉಣ್ಣೋದಕ್ಕಾಗುತ್ತಾ? ಕಾಣಿಕೆ ಮುಟ್ಟಬಾರದು ಅಂತ ಅವ್ವನೇ ಸಣ್ಣಂದಿನಿಂದ ಹೇಳಿಕೊಟ್ಟಿದ್ದು. ಸುಮ್ಮನೆ ಎಸೆದಿಲ್ಲ ನಾನು. ಪ್ರತಿ ಸಲ ಪ್ರಾರ್ಥನೆ ಮಾಡಿಯೇ ಹಾಕಿದ್ದು."

"ಪ್ರಾರ್ಥನೆ ಮಾಡಿ!" ಎಂದೆ. "ಬಿನ್ನಿನ ಎದುರು ನಿಂತು ಪ್ರಾರ್ಥನೆ!"

ಬೇರೆ ಮನೆಯ ಕಥೆಯಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಹಸಿದವರಿಗೆ ಎಂದು ತೆಗೆದ ಅಕ್ಕಿಯನ್ನು, ಅದು ಪವಿತ್ರ ಎಂಬ ಒಂದೇ ಕಾರಣಕ್ಕೆ ಕಸಕ್ಕೆ ಸುರಿಯುವ ಬುದ್ಧಿ ಈ ಭೂಮಿಯ ಮೇಲೆ ಇನ್ನು ಯಾರಿಗಾದರೂ ಹೊಳೆದೀತೇ? ಅತ್ತೆ ಅರ್ಧ ಊಟದಲ್ಲೇ ತಟ್ಟೆಗೆ ನೀರು ಸುರಿದು ಕೈ ತೊಳೆದರು. ಅವರು ಹಾಗೆ ಮಾಡಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಎದ್ದು ಹೋಗಿ ಯುಜಿನಿಯಾಗೆ ಫೋನ್ ಮಾಡಿ, "ನನಗ ಟಿಕೆಟ್ ತಗಿ" ಎಂದರು.

ಫ್ರೀಡಾ ಅಪ್ಪನ ಕಡೆ ತಿರುಗಿದಳು. ಈ ಸಲ ಇಂಗ್ಲಿಷ್. "ಕನ್ಫರ್ಮೇಶನ್ ದಿನ ನೀನು ನನ್ನ ಹಿಂದೆ ನಿಂತು ಹೆಗಲ ಮೇಲೆ ಕೈ ಇಡಬೇಕು, ಇವಳನ್ನು ಸತ್ಯದಲ್ಲಿ ಬೆಳೆಸಿದ್ದೇನೆ ಎನ್ನಬೇಕು. ನೀನು ಇಡುವ ಹಾಗಿಲ್ಲ. ನನಗೆ ಕನ್ಫರ್ಮೇಶನ್ನೇ ಬೇಡ."

ಅತ್ತೆ ಸಿಡ್ನಿಗೆ ಹೋದರು. ಡಬ್ಬಿ ಒಲೆಯ ಪಕ್ಕದಲ್ಲೇ ಉಳಿಯಿತು. ಅದನ್ನು ನೋಡಿಕೊಂಡು ಅನ್ನ ಮಾಡಲಿಕ್ಕೆ ಮನಸ್ಸಾಗಲಿಲ್ಲ. ಹಿಡಿ ತೆಗೆದರೆ ಯಾರಿಗೆ, ತೆಗೆಯದಿದ್ದರೆ ಅತ್ತೆಯ ದನಿ ಕಿವಿಯಲ್ಲಿ. ಹೀಗಾಗಿ ನಮ್ಮ ಮನೆಯಲ್ಲಿ ಬ್ರೆಡ್ಡು, ಪಾಸ್ತಾ, ಫ್ರೋಜನ್ ಪರೋಟ. ಫ್ರೀಡಾ ತನ್ನ ಬಟ್ಟಲನ್ನು ರೂಮಿಗೆ ಒಯ್ದು ತಿನ್ನುತ್ತಿದ್ದಳು. ಕ್ಲಾಸಿಗೂ ಹೋಗಲಿಲ್ಲ. ಜಾಕೊಬ್ ಮೊಟ್ಟೆ ಬೇಯಿಸಿಕೊಂಡು ಸಿಂಕಿನ ಎದುರು ನಿಂತೇ ತಿನ್ನುವನು. ಯಾರೂ ಹೇಳದೆ ವ್ಯಾಕ್ಯೂಮ್ ಮಾಡುವನು, ಬಾತ್‌ರೂಮ್ ತಿಕ್ಕುವನು. ಇದೆಲ್ಲ ಮೊದಲೇ ಮಾಡಿದ್ದರೆ ನನ್ನ ಬೆನ್ನಾದರೂ ಉಳಿಯುತ್ತಿತ್ತು.

"ನೀನು ಅವಳಿಗೆ ಸ್ವಲ್ಪ ಹೇಳು ಜೊವಾನಿ."

"ಎಂತ ಹೇಳುವುದು?"

"ನಾನು ಕೆಟ್ಟ ಉದ್ದೇಶದಿಂದ ಮಾಡಿಲ್ಲ ಅಂತ."

"ಬಾಯಿ ನಿನಗೂ ಉಂಟಲ್ಲ? ನೀನೇ ಹೋಗಿ ಹೇಳು."

"ನೋಡೋಣ" ಎಂದ. ಕೈಯಲ್ಲಿದ್ದ ಸೌಟನ್ನು ನಾನು ಸಿಂಕಿಗೆ ಎಸೆದೆ.

ಯುಜಿನಿಯಾ ಫೋನ್ ಮಾಡಿದಳು. ಅವಳ ಮಾತಿಗೆ ಯಾವಾಗಲೂ ಸಕ್ಕರೆ ಜಾಸ್ತಿ. "ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಮನೆಯಲ್ಲಿ ತಾಯಿ ಒಂದು ಚರ್ಚಿಂದ ಬಂದು ಇನ್ನೊಂದು ಚರ್ಚಲ್ಲಿ ಕೂತಿದ್ರೆ ಮಕ್ಕಳಿಗೆ ಕನ್ಫ್ಯೂಶನ್ ಆಗೇ ಆಗುತ್ತೆ."

ಎಲಾ ಇವಳ! "ನಿನ್ನ ಮಕ್ಕಳಿಗೆ ಯಾವ ಕನ್ಫ್ಯೂಶನ್ನೂ ಇಲ್ಲ ಯುಜಿನಿಯಾ," ಎಂದೆ. "ಭಾನುವಾರ ಮಧ್ಯಾಹ್ನದವರೆಗೆ ನಿಶ್ಚಿಂತೆಯಾಗಿ ಮಲಗುತ್ತಾರೆ." ಫೋನ್ ಇಟ್ಟೆ. ಇಷ್ಟು ವರ್ಷ ನನ್ನ ಸ್ವಂತ ಪ್ರಾರ್ಥನೆಗಳನ್ನು ನುಂಗಿಕೊಂಡು ಇವರ ದೀಪಕ್ಕೆ ಎಣ್ಣೆ ಹಾಕಿದವಳು ನಾನು. ಆರಿದರೆ ಊದಿದವಳೂ ನಾನೇ ಆಗಬೇಕು.

ಸ್ಕೂಲ್ ರಜೆ ಬಂದಾಗ ಫ್ರೀಡಾಳನ್ನು ಕರೆದುಕೊಂಡು ಸಿಡ್ನಿಗೆ ಹೊರಟೆ. ಅತ್ತೆಯನ್ನು ಕರೆತರಬೇಕು, ಇಲ್ಲವೇ ಒಂದು ಸಲ ಸರಿಯಾಗಿ ಜಗಳವಾಡಿ ಬರಬೇಕು ಎಂಬುದಷ್ಟೇ ನನ್ನ ಲೆಕ್ಕ. ರೌಸ್ ಹಿಲ್‌ನಲ್ಲಿ ಯುಜಿನಿಯಾಳ ಮನೆ ಮ್ಯಾಗಜಿನ್ನಿನ ಫೋಟೊದ ಹಾಗಿದೆ. ಅವಳ ಗಂಡ ಪ್ರತಾಪ್‌ಗೆ ಶುಗರ್. ಹಾಗಾಗಿ ಆ ಮನೆಯಲ್ಲಿ ಅಕ್ಕಿಯೇ ಇಲ್ಲ. ಅತ್ತೆ ದೊಡ್ಡ ಟೇಬಲ್ಲಿನ ಒಂದು ತುದಿಯಲ್ಲಿ ಕುಳಿತು ಕಿನೋವಾ ಕಾಳಿನ ಉಪ್ಪಿಟ್ಟನ್ನು ಚಮಚದಲ್ಲಿ ಕೆದಕುತ್ತಿದ್ದರು. ಇಳಿದು ಹೋಗಿದ್ದರು.

"ಅಜ್ಜಿ, ಮನೆಗೆ ಬನ್ನಿ" ಎಂದಳು ಫ್ರೀಡಾ.

"ನಾ ಯಾಕ ಬರಲಿ? ನನ್ನ ಅಕ್ಕಿ ಕಸದಾಗ ಹೋತು. ನೀನೂ ಕನ್ಫರ್ಮೇಶನ್ ಬ್ಯಾಡ ಅಂದಿ. ನನಗಲ್ಲಿ ಏನೈತಿ?"

"ನಾನು ಬೇಡ ಅಂದದ್ದು ಅಪ್ಪ ಸುಳ್ಳು ಹೇಳಿದ್ದಕ್ಕೆ."

"ಅಪ್ಪ ತಪ್ಪು ಮಾಡಿದ್ರ ದೇವರ ಮ್ಯಾಲೆ ಸಿಟ್ಟೇನ?"

ಯುಜಿನಿಯಾ ನಡುವೆ ಬಂದಳು. "ಫ್ರೀಡಾ, ಅಜ್ಜಿ ಜೊತೆ ಹಾಗೆಲ್ಲ ಮಾತಾಡಬಾರದು. ಅವರಿಗೆ ಬಿ.ಪಿ. ಇದೆ."

ಫ್ರೀಡಾಳ ಮುಖ ಕೆಂಪಾಯಿತು. "ಎಲ್ಲರೂ ಹೀಗೇ! ಅಜ್ಜಿಗೆ ಬಿ.ಪಿ., ಅಜ್ಜಿಗೆ ಬೇಜಾರು. ಅದಕ್ಕೇ ಯಾರೂ ಅವರಿಗೆ ನಿಜ ಹೇಳೋದಿಲ್ಲ." ಆಮೇಲೆ ಅಜ್ಜಿಯ ಎದುರು ಹೋಗಿ ನಿಂತಳು. ಕನ್ನಡ ಒಡೆದು ಒಡೆದು ಬಂತು, ಆದರೆ ಬಂತು. "ಅಜ್ಜಿ, ನೀವೂ ತಪ್ಪು ಮಾಡಿದ್ದೀರಿ. ಬೆಟಗೇರಿಯಲ್ಲಿ ಯಾರು ತಿಂತಾರೆ ನಿಮಗೆ ಗೊತ್ತಿತ್ತು. ಇಲ್ಲಿ ಒಂದು ಸಲ ಕೂಡ ಕೇಳಲಿಲ್ಲ. ಪೀಠದ ಮುಂದೆ ಇಟ್ಟು, ಬಂದು ಕೂತುಕೊಂಡಿರಿ. ನಾನು ಕೇಳಿದೆ. ನಾನು ಮಾತ್ರ ಕೇಳಿದೆ."

ಹದಿನಾಲ್ಕರ ಹುಡುಗಿ ಎಪ್ಪತ್ತಾರರ ಅಜ್ಜಿಗೆ ಹೀಗೆ ಹೇಳುವುದೇ ಎಂದು ನಾನು ಗದರಲು ಬಾಯಿ ತೆರೆದೆ. ಆದರೆ ಅವಳು ಆಡಿದ್ದರಲ್ಲಿ ಸುಳ್ಳು ಎಲ್ಲಿತ್ತು?

"ನನಗ ಅವರ ಭಾಷಾ ಬರೂದಿಲ್ಲವ್ವಾ" ಎಂದರು ಅತ್ತೆ. ದನಿ ಸಣ್ಣದಾಗಿತ್ತು.

"ನನಗೆ ಬರುತ್ತಲ್ಲ! ನನ್ನನ್ನ ಕರೀಬೇಕಿತ್ತು."

ಅತ್ತೆ ಚಮಚ ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ನನಗೂ ಟಿಕೆಟ್ ಬುಕ್ ಮಾಡು ಜೊವಾನಿಟಾ" ಎಂದರು. "ಈ ಕಾಳು ತಿಂದು ತಿಂದು ನಾ ಗುಬ್ಬಿ ಆಗೀನಿ."

ಮೆಲ್ಬರ್ನಿಗೆ ಇಳಿದ ಮರುದಿನವೇ ಅತ್ತೆ ಮೊಮ್ಮಗಳನ್ನು ಎಳೆದುಕೊಂಡು ಪಾಸ್ಟರ್ ಹತ್ತಿರ ಹೋದರು. ಕಾರು ನಡೆಸುವವಳು ನಾನು, ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡೆ. ಅತ್ತೆ ಕುರ್ಚಿಯಲ್ಲಿ ಕೂರಲೇ ಇಲ್ಲ.

"ಕೇಳು ಅವರಿಗೆ. ಎರಡೂ ಕೈಲೆ ಆಶೀರ್ವಾದ ಮಾಡಿ, ಆಮ್ಯಾಲೆ ಕಸಕ್ಕ ಹಾಕಸೂದು ಯಾವ ಸಭೆಯ ರೀತಿ?"

ಫ್ರೀಡಾ ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದಳು. ಸ್ವಲ್ಪ ತನ್ನದನ್ನೂ ಸೇರಿಸಿದಳು ಎಂದು ನನ್ನ ಅನುಮಾನ. ಪಾಸ್ಟರ್ ಗ್ರಹಾಂ ಅವರ ಕಿವಿ ಟೊಮೇಟೊ ಹಣ್ಣಿನ ಹಾಗಾಯಿತು. ನಿಮ್ಮ ಮನಸ್ಸಿಗೆ ನೋವಾಗಬಾರದು ಎಂದು ಸುಮ್ಮನಿದ್ದೆ ಎಂದರು.

"ಅಯ್ಯ, ಈ ದೇಶದಾಗ ಎಲ್ಲಾರೂ ನನ್ನ ಮನಸ್ಸ ಕಾಯೋರ ಆದ್ರಲ್ಲ! ಹೊಟ್ಟಿ ಕಾಯೋರ ಯಾರೂ ಇಲ್ಲೇನ?"

ಕೊನೆಗೆ ಫ್ರೀಡಾಳೇ ಕೇಳಿದಳು. ಬಿಡಿ ಅಕ್ಕಿ ಕೊಡುವ ಹಾಗಿಲ್ಲ, ಸರಿ. ಇಲ್ಲೇ ಹಾಲ್‌ನ ಅಡುಗೆಮನೆಯಲ್ಲಿ ಬೇಯಿಸಿ ಬಡಿಸಿದರೆ? ಪಾಸ್ಟರ್ ತಲೆ ಕೆರೆದುಕೊಂಡರು. ಆ ಅಡುಗೆಮನೆಗೆ ಲೈಸೆನ್ಸ್ ಇದೆ, ಬುಧವಾರ ಮಧ್ಯಾಹ್ನ ಸೂಪ್ ಕುಡಿಯಲು ಜನ ಬರುತ್ತಾರೆ, ಬೇಯಿಸಿದರೆ ಯಾವ ಅಡ್ಡಿಯೂ ಇಲ್ಲ ಎಂದರು. ಹಾಗಾದರೆ ಮೊದಲೇ ಯಾಕೆ ಹೇಳಲಿಲ್ಲ? ಯಾರೂ ಕೇಳಲಿಲ್ಲವಲ್ಲ!

ಬುಧವಾರ ಅತ್ತೆ ಪಲಾವ್ ಮಾಡಿದರು. ಸೂಪಿಗೆ ಬರುವ ಒಂಟಿ ಮುದುಕರು, ಕೆಲಸ ಕಳೆದುಕೊಂಡ ಇಬ್ಬರು ಪಂಜಾಬಿ ಹುಡುಗರು, ಮಗುವನ್ನು ಸೊಂಟಕ್ಕೇರಿಸಿಕೊಂಡ ಒಬ್ಬ ತಾಯಿ, ಎಲ್ಲರೂ ಉಂಡರು. ಜಾಕೊಬ್ ರಜೆ ಹಾಕಿ ಬಂದು ಪಾತ್ರೆ ತೊಳೆದ. ಫ್ರೀಡಾ ಬಡಿಸಿದಳು, ಕ್ಲಾಸಿಗೂ ಮತ್ತೆ ಹೋಗತೊಡಗಿದಳು. ಅಪ್ಪನಿದ್ದ ಕಡೆ ಮಾತ್ರ ತಿರುಗಿಯೂ ನೋಡಲಿಲ್ಲ. ಪಾತ್ರೆ ತೊಳೆದರೆ ಕ್ಷಮೆ ಸಿಗುವುದಾದರೆ ನನಗೆ ಇಷ್ಟು ಹೊತ್ತಿಗೆ ಸ್ವರ್ಗವೇ ಸಿಗಬೇಕಿತ್ತು.

ಕನ್ಫರ್ಮೇಶನ್‌ಗೆ ಹಿಂದಿನ ದಿನ, ಶನಿವಾರ ಮಧ್ಯಾಹ್ನ ಜಾಕೊಬ್ ಈರುಳ್ಳಿ ಹೆಚ್ಚುತ್ತಿದ್ದ. ಅತ್ತೆ ಟೇಬಲ್ಲಿನ ಎದುರು ಕುಳಿತು, "ಜಾಕೊಬ, ಚಾಕು ಇಡು. ಎದ್ದ ನಿಂದರು" ಎಂದರು.

ಅವನು ಎದ್ದು ನಿಂತ.

"ಎಂಟನೇ ಆಜ್ಞೆ ಹೇಳು."

"ಅವ್ವ, ನನಗ ನಲವತ್ತೇಳು ವರ್ಷ."

"ನಾ ವಯಸ್ಸ ಕೇಳಿಲ್ಲ."

ಅವನು ಕೈ ಕಟ್ಟಿಕೊಂಡ. "ಸುಳ್ಳು ಸಾಕ್ಷಿ ಹೇಳಬಾರದು."

"ಇದರ ಅರ್ಥ ಏನ?"

"ಯಾರ ಮ್ಯಾಲೂ ಸುಳ್ಳ ಹೇಳಬಾರದು. ಬೆನ್ನ ಹಿಂದ ಆಡಬಾರದು. ಹೆಸರು ಕೆಡಸಬಾರದು..." ಅಲ್ಲಿಗೆ ನಿಂತುಹೋಯಿತು.

ಫ್ರಿಜ್ಜಿಗೆ ಒರಗಿ ನಿಂತಿದ್ದ ಫ್ರೀಡಾ ಮುಂದಿನದನ್ನು ಹೇಳಿದಳು. "ಅವರ ಪರವಾಗಿ ಮಾತಾಡಬೇಕು. ಅವರು ಮಾಡಿದ್ದಕ್ಕೆಲ್ಲ ಒಳ್ಳೆಯ ಅರ್ಥ ಕೊಡಬೇಕು."

ಜಾಕೊಬ್‌ನ ಕಣ್ಣಿನಲ್ಲಿ ಆಸೆ ಬಂತು. "ಹಾಗಾದ್ರೆ ಕೊಡು ಪುಟ್ಟಿ. ಅಜ್ಜಿಗೆ ನೋವಾಗಬಾರದು ಅಂತ ತಾನೇ ನಾನು ಮಾಡಿದ್ದು."

"ಅದಕ್ಕಾ? ಇಲ್ಲ ನಿನಗೆ ಜಗಳ ಬೇಡವಾಗಿತ್ತು ಅಂತಲಾ? ಯಾವುದು ಅಂತ ನೀನೇ ಹೇಳು."

ಅವನು 'ನೋಡೋಣ' ಎನ್ನುತ್ತಾನೆಂದು ನಾನು ಕಾದೆ. ಅನ್ನಲಿಲ್ಲ. "ಎರಡೂ," ಎಂದ. ಆಮೇಲೆ, "ಎರಡನೆಯದೇ ಜಾಸ್ತಿ. ಸಾರಿ. ಅವ್ವ, ನಿನಗೂ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಫ್ರೀಡಾ ಒಂದು ಲೋಟ ನೀರು ಕುಡಿದು ರೂಮಿಗೆ ಹೋದಳು. ಅವಳ ಬಿಳಿ ಫ್ರಾಕನ್ನು ನಾನು ಇಸ್ತ್ರಿ ಮಾಡಿ ಬಾಗಿಲಿಗೆ ತೂಗುಹಾಕಿದೆ. ಹಾಕಿಕೊಳ್ಳುತ್ತಾಳೋ ಇಲ್ಲವೋ ಕೇಳಲಿಲ್ಲ.

ಭಾನುವಾರ ಬೆಳಿಗ್ಗೆ ಹಾಕಿಕೊಂಡು ಬಂದಳು. ಅತ್ತೆ ತಮ್ಮ ಇಳಕಲ್ ಸೀರೆ ಉಟ್ಟಿದ್ದರು. ಯುಜಿನಿಯಾ ಮತ್ತು ಪ್ರತಾಪ್ ಕೇಕ್ ಹಿಡಿದು ವಿಮಾನದಲ್ಲಿ ಬಂದಿದ್ದರು. ಮೊದಲ ಮೂರು ಮಕ್ಕಳ ಹೆಸರು ಕರೆದರು. ಅವರ ಅಪ್ಪ ಅಮ್ಮ ಹಿಂದೆ ನಿಂತು ಹೆಗಲ ಮೇಲೆ ಕೈ ಇಟ್ಟರು. ಪಾಸ್ಟರ್ ಕೇಳಿದ್ದಕ್ಕೆ ಮಕ್ಕಳು ಹೌದು ಎಂದರು. ಆಮೇಲೆ ಫ್ರೀಡಾಳ ಹೆಸರು ಬಂತು. ಅವಳು ಎದ್ದು ಮುಂದೆ ನಡೆದಳು. ನಾನೂ ಜಾಕೊಬ್‌ನೂ ಹಿಂದೆ ಹೋಗಲು ಅರ್ಧ ಎದ್ದಿದ್ದೆವು.

"ಪಾಠ ಎಲ್ಲ ನನಗೆ ಬಾಯಿಗೆ ಬರುತ್ತದೆ," ಎಂದಳು ಅವಳು, ಮೈಕಿನಲ್ಲಿ ಎಲ್ಲರಿಗೂ ಕೇಳುವಂತೆ. "ಆದರೆ ಅದರಲ್ಲಿ ಒಂದನ್ನು ನನ್ನಿಂದ ಇನ್ನೂ ಮಾಡಲಿಕ್ಕೆ ಆಗಿಲ್ಲ. ನನಗೆ ಅಪ್ಪನ ಮೇಲೆ ಇನ್ನೂ ಸಿಟ್ಟಿದೆ. ಇವತ್ತು ಹೌದು ಎಂದರೆ ನಾನೂ ಸುಳ್ಳು ಹೇಳಿದ ಹಾಗೆ. ಮುಂದಿನ ವರ್ಷ ಕೇಳಿ."

ಪಾಸ್ಟರ್ ತಲೆ ಬಾಗಿಸಿ, ಸರಿ ಎಂದರು. ಜಾಕೊಬ್ ಮುಖ ಮುಚ್ಚಿಕೊಂಡು ಕುಳಿತ. ಅತ್ತೆಯ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಎಷ್ಟು ವರ್ಷ ಕಾದಿದ್ದರು ಈ ದಿನಕ್ಕೆ!

ಹಿಂದಿನ ಬೆಂಚಿನಿಂದ ಯುಜಿನಿಯಾ ನನ್ನ ಕಿವಿಯ ಹತ್ತಿರ ಬಗ್ಗಿದಳು. "ಇಷ್ಟು ಜನರ ಮುಂದೆ ಮರ್ಯಾದೆ ಹೋಯ್ತು. ಇದೇನಾ ಅತ್ತಿಗೆ ನೀವು ಮಗಳಿಗೆ ಕಲಿಸಿದ್ದು?"

ನಾನು ತಿರುಗುವ ಮೊದಲೇ ಅತ್ತೆ ತಿರುಗಿದರು. ಮೆಲ್ಲಗೆ ಮಾತಾಡುವ ಗೋಜಿಗೆ ಹೋಗಲಿಲ್ಲ. 

"ಬಾಯಿ ಮುಚ್ಚು ಯುಜಿನಿಯಾ," ಎಂದರು. "ನಮ್ಮ ಮನ್ಯಾಗ ಪಾಠ ಕಲತಾಕಿ ಇಕಿ ಒಬ್ಬಾಕಿ."